ತುಳಸಿಕಟ್ಟೆಯ ಕೆಳಗಿನ ಗೋಡೆ

ನಮ್ಮ ಮಲಗುವ ಕೋಣೆಯ ಗೋಡೆಗೆ ಕಪ್ಪು ಬೂಷ್ಟು ಹಿಡಿದದ್ದು ನನ್ನ ಗಂಡ ಅಭಿಲಾಷನ ಅಗ್ಗಿಷ್ಟಿಕೆಯ ಹೊಗೆಯಿಂದ ಎಂದು ಮನೆ ಮಾಲೀಕರಾದ ಶ್ರೀನಿವಾಸಮೂರ್ತಿ ಮೇಷ್ಟ್ರು ತೀರ್ಪು ಕೊಟ್ಟುಬಿಟ್ಟರು. ಅಕ್ಕಸಾಲಿಗರಿಗೆ ಮನೆ ಕೊಟ್ಟದ್ದೇ ತಪ್ಪಾಯಿತಂತೆ. ಅಭಿಲಾಷ್ ಕೂತು ಕೆಲಸ ಮಾಡುವುದು ಬೀದಿ ಕಡೆಯ ಪಡಸಾಲೆಯಲ್ಲಿ, ಬೂಷ್ಟು ಹಿಡಿದದ್ದು ಹಿಂದಿನ ಕೋಣೆಯಲ್ಲಿ. ಹೊಗೆ ಅಷ್ಟು ದೂರ ನಡೆದುಹೋಗಿ, ಬೇರೆಲ್ಲೂ ಕೂರದೆ, ಆ ಒಂದೇ ಗೋಡೆಗೆ ಒರಗಿತೇ?

"ಮಸಿ ಒಣಗಿರ್ತದೆ ಮೇಷ್ಟ್ರೇ. ಇದು ಮುಟ್ಟುದ್ರೆ ಒದ್ದೆ" ಎಂದೆ.

"ನೀವು ಕಿಟಕಿ ತೆಗೆಯಲ್ಲ, ಬಟ್ಟೆ ಒಳಗೇ ಒಣಗಿಸ್ತೀರಿ. ಹಾಳು ಮಾಡಿದೋರೇ ಸರಿ ಮಾಡಿಸ್ಬೇಕು. ಆಗಲ್ಲ ಅಂದ್ರೆ ತುಳಸಿ ಹಬ್ಬ ಕಳೀತಿದ್ದ ಹಾಗೆ ಖಾಲಿ ಮಾಡಿ."

ಕೃಷ್ಣರಾಜಪೇಟೆಯಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡವರಿಗೆ ಇನ್ನೊಂದು ಮನೆ ಸಿಗುವುದು ಅಷ್ಟರಲ್ಲೇ ಇದೆ. ಅಲ್ಲೇ ಇರೋಣವೆಂದರೆ, ಎಂಟು ವರ್ಷದ ಮಗಳು ಅರ್ಪಿತ ಆ ಕೋಣೆಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಳು. ಔಷಧಿಗಿಂತ ಮೊದಲು ಗೋಡೆ ನೋಡಿ ಎಂದಿದ್ದರು ಡಾಕ್ಟರು.

ನೀರು ಎಲ್ಲಿಂದ ಬರುತ್ತದೆಂದು ನನಗೆ ಅನುಮಾನವಿತ್ತು. ಕೆಳಮನೆಯನ್ನು ಬಾಡಿಗೆಗೆ ಬಿಟ್ಟಾಗ ಮೇಷ್ಟ್ರು, ಬಂದವರು ಮೈಲಿಗೆ ಮಾಡಿಯಾರೆಂದು, ಅಂಗಳದ ತುಳಸಿಯನ್ನು ತಾವಿದ್ದ ಮಹಡಿಗೆ ಹತ್ತಿಸಿದ್ದರು. ಹೊಸ ಕಟ್ಟೆ ಕೂತದ್ದು ಸರಿಯಾಗಿ ನಮ್ಮ ಗೋಡೆಯ ನೆತ್ತಿಯ ಮೇಲೆ. ನೀರು ಹೊರಗೆ ಹೋಗಲು ಕಿಂಡಿಯನ್ನೇ ಬಿಟ್ಟಿರಲಿಲ್ಲ; ತುಳಸಿಯ ನೀರನ್ನು ಯಾರೂ ತುಳಿಯಬಾರದಲ್ಲ! ಅವರ ಹೆಂಡತಿ ಭಾಗೀರಥಮ್ಮ ದಿನಾ ಬೆಳಗ್ಗೆ ಮಡಿಯಲ್ಲಿ ಅದಕ್ಕೆ ಬಿಂದಿಗೆ ನೀರು ಸುರಿಯುತ್ತಿದ್ದರು. ನಾನು ಇದನ್ನು ಹೇಳಿದ್ದಕ್ಕೆ ಮೇಷ್ಟ್ರು, "ತುಳಸಿ ಮೇಲೇ ದೂರು ಹೇಳ್ತೀಯೇನಮ್ಮ?" ಎಂದು ಕಿವಿ ಮುಚ್ಚಿಕೊಂಡರು.

ಸರಿ, ತುಳಸಿಯೇ ಹೇಳಲಿ ಎಂದುಕೊಂಡೆ.

ಹಬ್ಬದ ಸಂಜೆ ಆರತಿ ನೀರನ್ನು ನಾನೇ ಕದಡಿಕೊಡುತ್ತೇನೆಂದೆ. ಭಾಗೀರಥಮ್ಮ ಸಂತೋಷವಾಗಿ ಒಪ್ಪಿದರು. ಎಲ್ಲರೂ ಅರಿಶಿನ, ಸುಣ್ಣ ಹಾಕಿ ತಟ್ಟೆಯಲ್ಲಿ ಕದಡುವುದನ್ನು ನಾನು ದೊಡ್ಡ ಬಿಂದಿಗೆಯಲ್ಲಿ ಕದಡಿದೆ.

"ಅಯ್ಯೋ, ಇಷ್ಟೊಂದಾ?"

"ನಮ್ಮನೆ ಆರತೀನೂ ಸೇರ್ಲಿ ಬುಡಿ ಅಮ್ಮಾವ್ರೇ."

ತಟ್ಟೆಯಲ್ಲಿ ಆರತಿ ಎತ್ತಿದ ಮೇಲೆ, ಉಳಿದ ಅಷ್ಟೂ ಕೆಂಪು ನೀರನ್ನು ಅವರು ತುಳಸಿಯ ಬುಡಕ್ಕೆ ಸುರಿದರು.

ಬೆಳಗ್ಗೆ ಎದ್ದು ನೋಡುತ್ತೇನೆ, ಕಪ್ಪು ಗೋಡೆಯ ಮೇಲೆ ಕೆಂಪು ನೀರು ಕವಲು ಕವಲಾಗಿ ಇಳಿದಿದೆ! ಅಗ್ಗಿಷ್ಟಿಕೆಯಿಂದ ಕೆಂಪು ಹೊಗೆ ಬಂದದ್ದನ್ನು ಯಾರಾದರೂ ಕಂಡಿದ್ದೀರಾ? ಕುಣಿಯಬೇಕೆನಿಸಿತು. ಮೆಟ್ಟಿಲ ಬುಡದಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

"ಮೇಷ್ಟ್ರೇ! ಅಮ್ಮಾವ್ರೇ! ಬನ್ನಿ, ನಿಮ್ಮ ಆರತಿ ನೀರು ನಮ್ಮನೇಗ್ ಬಂದದೆ!"

ಮೇಷ್ಟ್ರು ಗೋಡೆ ನೋಡಿದರು, ಸೂರು ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. ಭಾಗೀರಥಮ್ಮ ಬೆರಳಿನಿಂದ ಆ ಕೆಂಪನ್ನು ಮುಟ್ಟಿ, ಕೆಮ್ಮುತ್ತಿದ್ದ ಅರ್ಪಿತಳ ಕಡೆ ತಿರುಗಿದರು. ಅವರ ಕಣ್ಣು ತುಂಬಿತು.

"ದಿನಾ ಕೈಮುಗಿದು ನಾನೇ ಸುರಿದ್ನಲ್ರೀ ಇದನ್ನ, ಈ ಮಗು ಎದೆ ಮೇಲೆ! ಗೋಡೆ ಸರಿಯಾಗೋವರೆಗೂ ತಾಯಿ ಮಗಳು ನಮ್ಮ ಕೋಣೇಲಿ ಮಲಗ್ತಾರೆ."

"ಮತ್ತೆ ನಾನು?" ಎಂದರು ಮೇಷ್ಟ್ರು.

"ನೀವು ಇಲ್ಲಿ. ಕಿಟಕಿ ತೆಗೆದುಕೊಂಡು ಮಲಗಿ."

ಮಹಡಿಯ ಆ ಕೋಣೆಯಲ್ಲಿ ಮಗಳು ಬೆಳಗಿನವರೆಗೂ ಒಂದೇ ನಿದ್ದೆ ಮಾಡಿದಳು. ಎಷ್ಟೋ ದಿನಗಳ ಮೇಲೆ ನಾನೂ ಮಲಗಿದೆ. ಇಬ್ಬರೂ ಇಳಿದು ಬರುವಾಗ ಅಭಿಲಾಷ್ ಅಗ್ಗಿಷ್ಟಿಕೆ ಹೊತ್ತಿಸುತ್ತಿದ್ದ. ಅವನೆದುರು ಮೇಷ್ಟ್ರು ನಿದ್ದೆಗೆಟ್ಟು ಕಣ್ಣು ಕೆಂಪಗಾಗಿ, ಒಂದರ ಹಿಂದೊಂದು ಸೀನುತ್ತಾ ನಿಂತಿದ್ದರು. ಹೊಗೆಯ ಬಗ್ಗೆ ಚಕಾರ ಎತ್ತಲಿಲ್ಲ.

"ಗಾರೆ ಕೆಲಸದೋರು ಯಾರಾದ್ರೂ ಗೊತ್ತೇನಪ್ಪ? ಕಟ್ಟೆ ಕೆಳಗಿಳಿಸ್ಬೇಕು, ಗೋಡೆ ಕೆತ್ತಿಸ್ಬೇಕು. ಇವತ್ತೇ."

"ಯಾರು ಮಾಡಿಸ್ಬೇಕು ಮೇಷ್ಟ್ರೇ?" ಎಂದು ಕೇಳಿದೆ. ಕೇಳದೆ ಬಿಡುವ ಜಾಯಮಾನ ನನ್ನದಲ್ಲ.

"ನಾನೇ ಕಣಮ್ಮ" ಎಂದರು ಮೇಷ್ಟ್ರು, ಇನ್ನೊಂದು ಸೀನಿನ ನಡುವೆ.