ಬೇರೆ ಅಂಗಳದ ಹಾಡು

ಏಳು ಕಡಲಿನಾಚೆ ಒಂದು ನಡುಗಡ್ಡೆ, ಆ ನಡುಗಡ್ಡೆಯಲ್ಲಿ ಒಂದು ಹಕ್ಕಿ ಇತ್ತಂತೆ. ತನ್ನ ಹಾಡು ಯಾವ ದೇಶದ ಯಾವ ಅಂಗಳ ಮುಟ್ಟುತ್ತದೋ ಅದಕ್ಕೇ ಗೊತ್ತಿರಲಿಲ್ಲ. ಅದಕ್ಕೇ, ‘ನಿನ್ನ ಹಾಡು ನನ್ನ ಅಂಗಳದಲ್ಲಿ ಕೇಳಿಸಿತು’ ಎಂದು ಓಲೆ ಬರೆದವರಿಗೆಲ್ಲ ಒಂದೊಂದು ಗರಿ ಕಳಿಸುತ್ತಿತ್ತಂತೆ. ಒಬ್ಬ ಹುಡುಗಿ ಬೇರೆಯವರ ಅಂಗಳದಲ್ಲಿ ನಿಂತು ಹಾಡು ಕೇಳಿ, ನನ್ನ ಅಂಗಳದಲ್ಲೇ ಕೇಳಿತು ಎಂದು ಬರೆದಳಂತೆ. ಹಕ್ಕಿ ನಂಬಿತು. ಗರಿ ಬಂತು.

ಆ ಹುಡುಗಿಯ ಹೆಸರು ಸಮೀಕ್ಷಾ, ಅವಳ ಅಂಗಳ ನಂಜನಗೂಡಿನಲ್ಲಿ. ಹಕ್ಕಿಯೆಂದರೆ ಪೆಸಿಫಿಕ್ ಸಾಗರದ ಪುಟ್ಟ ದ್ವೀಪವೊಂದರ ಶಾರ್ಟ್‌ವೇವ್ ರೇಡಿಯೋ ಕೇಂದ್ರ. ಗರಿಯೆಂದರೆ ಆ ಕೇಂದ್ರದವರು ಕೇಳುಗರಿಗೆ ಕಳಿಸುವ ಚಿತ್ರದ ಕಾರ್ಡು. ಎಷ್ಟು ಗಂಟೆಗೆ, ಏನು ಕೇಳಿಸಿತು, ದನಿ ಎಷ್ಟು ಸ್ಪಷ್ಟವಿತ್ತು ಎಂದು ಬರೆದು ಕಳಿಸಬೇಕು. ಇರುವುದು ಒಂದೇ ನೇಮ: ನಿನ್ನ ರೇಡಿಯೋದಲ್ಲಿ, ನಿನ್ನ ಕಿವಿಯಲ್ಲೇ ಕೇಳಿರಬೇಕು.

ಹನ್ನೊಂದು ಸಂಜೆ ಕಿವಿಗೊಟ್ಟರೂ ಅವಳ ರೇಡಿಯೋದಲ್ಲಿ ಬಂದದ್ದು ಬರೀ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ಹನ್ನೆರಡನೆಯ ಸಂಜೆ ಮೊಬೈಲು ತೆಗೆದಳು. ಜಪಾನಿನಲ್ಲಿ ಯಾರೋ ಪುಣ್ಯಾತ್ಮರು ತಮ್ಮ ರೇಡಿಯೋವನ್ನು ಇಂಟರ್ನೆಟ್ಟಿಗೆ ಜೋಡಿಸಿ, ಬೇಕಾದವರು ಕೇಳಿಕೊಳ್ಳಲಿ ಎಂದು ಬಿಟ್ಟಿದ್ದರು. ಅದರಲ್ಲಿ ದ್ವೀಪದ ಹಾಡು ಪಕ್ಕದ ಮನೆಯಲ್ಲಿ ಹಾಡಿದಂತೆ ಕೇಳಿತು. ‘ಸ್ಥಳ: ನಂಜನಗೂಡು. ಸ್ವಂತ ರೇಡಿಯೋ, ಇಪ್ಪತ್ತು ಮೀಟರ್ ಏರಿಯಲ್ ತಂತಿ’ ಎಂದು ಬರೆದು ಕಳಿಸಿಬಿಟ್ಟಳು.

ಕಾರ್ಡು ಬಂದಾಗ ಊರಿನ ರೇಡಿಯೋ ಹವ್ಯಾಸಿಗಳ ಹ್ಯಾಮ್ ಕ್ಲಬ್ಬಿನ ಕಾರ್ಯದರ್ಶಿ ಚಿಕ್ಕಸ್ವಾಮಿ ತಾನೇ ಮೊಳೆ ಹೊಡೆದು ಅದನ್ನು ಗೋಡೆಗೆ ತೂಗುಹಾಕಿದ. “ಎಲ್ರೂ ಜೋರಾಗಿ ತಟ್ರಪ್ಪ! ನಮ್ಮೂರ್ ಎಣ್ಮಗ ಸಮುದ್ರನೇ ಇಡ್ಕೊಂಬಂದದೆ!” ಚಪ್ಪಾಳೆ ನಿಂತ ಮೇಲೂ ಒಬ್ಬರು ತಟ್ಟುತ್ತಲೇ ಇದ್ದರು. ತಿ. ನರಸೀಪುರದಿಂದ ಬರುತ್ತಿದ್ದ ಗೋಪಾಲಕೃಷ್ಣ ಮೇಷ್ಟ್ರು.

“ಮೂವತ್ತು ವರ್ಷದಿಂದ ಹುಡುಕ್ತಿದೀನಿ ಮಗು ಆ ಸ್ಟೇಷನ್ನ. ಇಲ್ಲಿಗೆ ಬರೋದೇ ಇಲ್ಲ ಅನ್ಕೊಂಡಿದ್ದೆ. ನಿಂಗೆ ಬಂತಲ್ಲ! ನಿನ್ನ ಥರದ್ದೇ ತಂತಿ ನಮ್ಮನೇಗೂ ಕಟ್ಟಿಕೊಡ್ತೀಯಾ?”

“ಬರೋ ಭಾನುವಾರ ಬರ್ತೀನಿ ಸಾರ್,” ಎಂದಳು. ಕಿವಿಯವರೆಗೂ ಬಿಸಿಯೇರಿತ್ತು. ಜನ ಅದನ್ನು ನಾಚಿಕೆ ಎಂದುಕೊಂಡರು. ಒಂದು ರೀತಿಯಲ್ಲಿ ಸರಿಯೇ.

ಒಂದು ಭಾನುವಾರ ಜ್ವರ ಎಂದಳು, ಇನ್ನೊಂದಕ್ಕೆ ನೆಂಟರು ಬಂದರು. ಐದನೆಯ ಭಾನುವಾರದ ಹಿಂದಿನ ದಿನ ಮೇಷ್ಟ್ರ ಹೆಂಡತಿ ಜಾನಕಮ್ಮ ಫೋನು ಮಾಡಿದರು.

“ನಮ್ಮನೆಯವರು ರೇಡಿಯೋನ ಬಟ್ಟೇಲಿ ಸುತ್ತಿ ಅಟ್ಟಕ್ಕೆ ಹಾಕ್ಬಿಟ್ರು ಕಣೇ. ‘ಆ ಹುಡುಗೀಗೆ ಕೇಳಿದ್ದು ನಂಗೆ ಕೇಳಲ್ಲ ಅಂದ್ರೆ ನನ್ನ ಕಿವೀನೇ ಹೋಗಿದೆ’ ಅಂತಾರೆ. ಈಗ ನಾನು ಕಾಫಿಗೆ ಕರೆದ್ರೂ ಏನು, ಏನು ಅಂತ ಎರಡು ಸಲ ಕೇಳ್ತಾರೆ. ಸೋಮವಾರ ಮೈಸೂರಿಗೆ ಕಿವಿ ಡಾಕ್ಟ್ರ ಹತ್ರ ಹೊರಟಿದೀವಿ.”

ಸಮೀಕ್ಷಾ ಫೋನು ಕೆಳಗಿಟ್ಟಳು. ಗರಿಗಾಗಿ ಹಕ್ಕಿಗೆ ಸುಳ್ಳು ಹೇಳಿದ್ದಷ್ಟೇ ಅಲ್ಲ, ಒಬ್ಬರ ಕಿವಿಯನ್ನೂ ಕದ್ದಿದ್ದಳು.

ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಕಾರ್ಡನ್ನು ಗೋಡೆಯಿಂದ ತೆಗೆದಳು.

“ಎಲ್ಲಿಗವ್ವ ತಕ್ಕೊಂಡೋಗ್ತಿದೀಯೆ?” ಚಿಕ್ಕಸ್ವಾಮಿ ಕೇಳಿದ.

“ಮೇಷ್ಟ್ರಿಗೆ ತೋರ್ಸೋಕೆ.” ಮತ್ತೊಂದು ಸುಳ್ಳು. ತಂತಿಯ ಸುರುಳಿ ತೊಡೆಯ ಮೇಲಿಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದಳು.

ಮೇಷ್ಟ್ರು ಬಾಗಿಲಲ್ಲೇ ನಿಂತು, “ತಡವಾಯ್ತು ಮಗು. ತಂತಿ ಯಾರಿಗೆ? ಕಿವುಡನಿಗೆ?” ಎಂದು ನಕ್ಕರು.

ಒಳಗೆ ಹೋಗಿ ಕೂತ ಮೇಲೆ ಹೇಳೋಣವೆಂದಿದ್ದಳು; ಹೊಸಿಲಾಚೆ ಕಾಲಿಡಲಾಗಲಿಲ್ಲ. “ನಿಮ್ಮ ಕಿವಿ ಸರಿಯಾಗಿದೆ ಸಾರ್. ನನಗೂ ಕೇಳಿಸ್ಲಿಲ್ಲ. ಜಪಾನಿನ ಯಾರದೋ ರೇಡಿಯೋನ ಮೊಬೈಲಲ್ಲಿ ಕೇಳಿ ನಂದು ಅಂತ ಬರೆದೆ.”

 ಒಳಗಿನಿಂದ ಜಾನಕಮ್ಮ, “ಅಂದ್ರೆ ಇವರ ಕಿವಿ ನೆಟ್ಟಗಿದೆಯಾ? ಹಾಗಾದ್ರೆ ನಾನು ಕರೆದಾಗ ಇಷ್ಟು ದಿನ ನಾಟಕವಾ?” ಎಂದರು. ಯಾರೂ ನಗಲಿಲ್ಲ.

“ಸ್ಟೇಷನ್ನವರಿಗೆ ನಿಜ ಬರೆದ್ಯಾ?” ಕೊನೆಗೆ ಮೇಷ್ಟ್ರು ಕೇಳಿದರು.

“ಇಲ್ಲ ಸಾರ್. ಕಾರ್ಡು ತಂದಿದೀನಿ. ಇವತ್ತೇ ವಾಪಸ್ ಕಳಿಸ್ತೀನಿ.”

“ಕ್ಲಬ್ಬಿಗೆ?”

“ಬರೋ ಭಾನುವಾರ...”

“ನಿನ್ನ ಬಾಯಲ್ಲಿ ಭಾನುವಾರ ಬೇಡ ಕಣಮ್ಮ.”

ಅಲ್ಲೇ ನಿಂತು ಚಿಕ್ಕಸ್ವಾಮಿಗೆ ಫೋನು ಮಾಡಿದಳು. ಪೂರ್ತಿ ಕೇಳಿಸಿಕೊಂಡು ಅವನೆಂದದ್ದು ಇಷ್ಟೇ: “ನಾನೇ ಚಪ್ಪಾಳೆ ತಟ್ಸಿದ್ನಲ್ಲವ್ವ.” ಕರೆ ಕಟ್ಟಾಯಿತು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಳಗೆ ಹೋಗಿ, ಮೇಷ್ಟ್ರ ಮೇಜಿನ ಮೇಲೆ ಕೇಂದ್ರದವರಿಗೆ ಕಾಗದ ಬರೆದು, ಕಾರ್ಡಿನ ಜೊತೆ ಲಕೋಟೆಗೆ ಹಾಕಿ ಅಂಟಿಸಿದಳು. ಮೇಷ್ಟ್ರು ವಿಳಾಸವನ್ನಷ್ಟೇ ಓದಿ ನೋಡಿ, ಅಟ್ಟದ ಕಡೆ ಏಣಿ ಎಳೆದರು. ರೇಡಿಯೋ ಕೆಳಗಿಳಿಯಿತು.

“ಬಂದ ಕೆಲಸ ಮಾಡಲ್ವಾ?” ಎಂದರು, ಅವಳ ಮುಖ ನೋಡದೆ.

ತಾರಸಿ ಹತ್ತಿದಳು. ನೀರಿನ ಟ್ಯಾಂಕಿನ ಕಂಬಕ್ಕೆ ತಂತಿಯ ಒಂದು ತುದಿ, ಹಿತ್ತಿಲಿನ ಬೇವಿಗೆ ಇನ್ನೊಂದು. ಬಿಸಿಲಿಗೆ ಅಂಗೈ ಉರಿಯಿತು. ಕೆಳಗಿನಿಂದ ಮೇಷ್ಟ್ರ ದನಿ: “ಜೋತಾಡ್ತಿದೆ. ಇನ್ನೊಂಚೂರು ಎಳಿ.”

ಎಳೆದಳು. “ಸಾಕಾ ಸಾರ್?”

“ಏನು?”

“ಸಾಕಾ ಅಂದೆ!”

“ಕೇಳ್ಸುತ್ತೆ, ಕೂಗ್ಬೇಡ. ಸಾಕು, ಕಟ್ಟು.”

ಕಟ್ಟಿದಳು. ಕೆಳಗಿಳಿದು, ಕಂಬದಿಂದ ಇಳಿಬಿಟ್ಟಿದ್ದ ಉಳಿದ ತಂತಿಯನ್ನು ಕಿಟಕಿಯ ಸಂದಿಯಿಂದ ಒಳತಂದು, ತುದಿಯ ಸಿಪ್ಪೆ ಸುಲಿದು, ರೇಡಿಯೋದ ಹಿಂಬದಿಯ ತಿರುಪಿಗೆ ಸುತ್ತಿ ಬಿಗಿಮಾಡಿದಳು.