ತಾರೆ ಮರದ ಬುಡಕ್ಕೆ ಹೋದ ದಿನ

ನಾನು ಒಂದು ದುರ್ಬೀನು. ಹುಟ್ಟಿದ್ದು ಜಪಾನಿನ ಕಾರ್ಖಾನೆಯೊಂದರಲ್ಲಿ. ಬಿಳಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನೊಳಗೆ ಗಾಜುಗಳನ್ನು ಒಂದೊಂದಾಗಿ ಕೂರಿಸಿ, ಕೊನೆಗೆ ನನ್ನನ್ನು ಕಣ್ಣಿಗೆ ಹಿಡಿದು ಕಿಟಕಿಯಾಚೆ ನೋಡಿದಳು. ಎದುರಿನ ಕಟ್ಟಡದ ಗೋಡೆಯ ಬಿರುಕು ಕಂಡಿತು. ತಲೆಯಾಡಿಸಿ ಪೆಟ್ಟಿಗೆಗೆ ಹಾಕಿದಳು.

ನನ್ನನ್ನು ಕೊಂಡವರು ಮೈಸೂರಿನ ವಿಮಲಾಕ್ಷಿ ಟೀಚರ್. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಬೇಸಿಗೆ ರಜೆ ಬಂತೆಂದರೆ ನನ್ನನ್ನು ಕೊರಳಿಗೆ ಹಾಕಿಕೊಂಡು ಕಾಳಿ ನದಿಯ ಕಾಡಿಗೆ ಹೊರಡುತ್ತಿದ್ದರು. ಕೈತಾನ್ ಸಿದ್ದಿಯನ್ನು ನಾನು ಮೊದಲು ಕಂಡದ್ದು ಅಲ್ಲಿಯೇ.

ಕೈತಾನ್‌ಗೆ ಆಗ ಇಪ್ಪತ್ತೈದರ ಆಸುಪಾಸು. ಯಾವ ಮರದಲ್ಲಿ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಗೂಡಿದೆ ಎಂದು ಅವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹೇಗೆ ಗೊತ್ತು ಎಂದು ಟೀಚರ್ ಕೇಳಿದರು.

"ಮರಿ ತೆಗೀತೀವ್ರಿ ಅಕ್ಕೋರೆ. ತಿನ್ನಾಕ. ನಾ ಮೂರು ತೆಗ್ದೇನಿ. ನಮ್ಮಪ್ಪ ಭಾಳ ತೆಗ್ದಾನ."

ಟೀಚರ್ ಬೈಯಲಿಲ್ಲ. ನನ್ನನ್ನು ಅವನ ಕೈಗೆ ಕೊಟ್ಟರು. ಹಳೆಯ ತಾರೆ ಮರದ ಪೊಟರೆಯಲ್ಲಿ ಹೆಣ್ಣು ಹಕ್ಕಿ ಮೊಟ್ಟೆಯಿಟ್ಟು, ಪೊಟರೆಯ ಬಾಯಿಗೆ ಮಣ್ಣು ಮೆತ್ತಿ, ತನ್ನನ್ನು ತಾನೇ ಒಳಗೆ ಬಂಧಿಸಿಕೊಂಡಿತ್ತು. ಕೊಕ್ಕು ತೂರುವಷ್ಟೇ ಸೀಳು. ಗಂಡು ಬಂದು ಆ ಸೀಳಿನೊಳಗೆ ಒಂದೊಂದೇ ಅತ್ತಿಹಣ್ಣು ಇಳಿಸುತ್ತಿತ್ತು. ಕೈತಾನ್ ಒಂದು ಗಂಟೆ ನನ್ನನ್ನು ಕಣ್ಣಿನಿಂದ ತೆಗೆಯಲಿಲ್ಲ. ಹಿಂದಿರುಗಿಸುವಾಗ ನನ್ನ ಗಾಜು ಒದ್ದೆಯಾಗಿತ್ತು. ಮುಂದೆ ಅವನು ಮರಿ ತೆಗೆಯಲಿಲ್ಲ.

ಟೀಚರ್ ಅವನಿಗೆ ಹಕ್ಕಿಗಳ ಹೆಸರು ಕಲಿಸಿದರು. ಅವನು ಮಾರ್ಗದರ್ಶಕನಾದ. ನಿವೃತ್ತಿಯಾದ ವರ್ಷ ಅವರು ನನ್ನನ್ನು ಅವನಿಗೇ ಕೊಟ್ಟುಬಿಟ್ಟರು. ದೂರದೂರುಗಳಿಂದ ಹಕ್ಕಿ ನೋಡುವವರು ಬರತೊಡಗಿದರು. ಅವರು ಕೊಡುವ ಶುಲ್ಕದ ಒಂದು ಪಾಲು ಗೂಡು ಕಾಯುವವರ ಕೂಲಿಗೆ ಹೋಗುತ್ತಿತ್ತು. ಮರಿ ಕದಿಯುತ್ತಿದ್ದವರೇ ಕಾವಲಿಗೆ ನಿಂತರು. ಗೂಡುಗಳು ಹೆಚ್ಚಿದವು. ಮರದಿಂದ ಅರವತ್ತು ಹೆಜ್ಜೆ ಈಚೆಗೆ ಕೆಂಪು ಹಗ್ಗ ಕಟ್ಟಿದವನು ಕೈತಾನ್.

"ಇದನ್ನ ದಾಟಿದ್ರ ಗಂಡು ಗೂಡಿಗೆ ಬರೂದಿಲ್ರಿ. ಒಳಗಿನ ಎರಡು ಜೀವ ಉಪವಾಸ ಬೀಳ್ತಾವ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹಗ್ಗ ದಾಟಿದ ದೊಡ್ಡ ಅಧಿಕಾರಿಯೊಬ್ಬರನ್ನು ಅರ್ಧ ದಾರಿಯಿಂದ ವಾಪಸು ಕಳಿಸಿದ್ದೂ ಉಂಟು.

ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೆ, ಒಂದು ಏಪ್ರಿಲ್‌ನಲ್ಲಿ ಟೀಚರ್ ಬಂದರು. ಕೈಯಲ್ಲಿ ಕೋಲಿತ್ತು. ಕಣ್ಣಿನ ನರ ಒಣಗುತ್ತಿದೆ, ದೃಷ್ಟಿ ಇನ್ನು ಕೆಲವು ತಿಂಗಳು ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ಹಗ್ಗದ ಬಳಿ ನಿಂತು ನನ್ನನ್ನು ಕಣ್ಣಿಗೆ ಒತ್ತಿಕೊಂಡರು. ನನ್ನ ನಡುವಿನ ಗಾಲಿಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಮರ, ಪೊಟರೆ, ಹಣ್ಣು ಹಿಡಿದ ಹಳದಿ ಕೊಕ್ಕು, ಎಲ್ಲವನ್ನೂ ನಾನು ಸ್ಪಷ್ಟವಾಗಿ ತಂದುಕೊಟ್ಟೆ. ಅವರ ಕಣ್ಣು ತೆಗೆದುಕೊಳ್ಳಲಿಲ್ಲ.

"ಹಕ್ಕಿ ಬಂತೇನೋ?"

"ಬಂದೇತ್ರಿ. ಹಣ್ಣ ಕೊಡ್ಲಿಕ್ಕ ಹತ್ತೇತಿ."

"ನನಗೆ ಬರೀ ಹಸಿರು ಕಾಣುತ್ತೆ ಕಣಪ್ಪ."

ಅವರು ಬೇರೇನೂ ಕೇಳಲಿಲ್ಲ. ಗಂಡು ಹಾರಿಹೋದ ಮೇಲೆ ಕೈತಾನ್ ತಾನಾಗಿಯೇ ಹಗ್ಗ ಎತ್ತಿ ಹಿಡಿದ.

"ಬರ್ರಿ ಅಕ್ಕೋರೆ. ಹತ್ತಿರದಾಗ ನೋಡಿ ಬರೂಣು. ಐದು ನಿಮಿಷ."

"ಬೇಡ, ರೂಲ್ಸ್ ಅಲ್ವೇನೋ?"

"ನಿಮಗಲ್ರಿ ಆ ರೂಲ್ಸ್."

ಟೀಚರ್ ಎರಡನೇ ಸಲ ಬೇಡವೆನ್ನಲಿಲ್ಲ.

ಮರದ ಬುಡದಲ್ಲಿ ನಿಂತಾಗ ಗಂಡು ಮರಳಿ ಬಂತು. ಕೆಳಗೆ ಮನುಷ್ಯರನ್ನು ಕಂಡು, ತಲೆಯ ಮೇಲೇ ರೆಕ್ಕೆಯ ದೊಡ್ಡ ಸದ್ದು ಮಾಡುತ್ತ ತಿರುಗಿ ಹೋಯಿತು. ಟೀಚರ್ ಮುಖವೆತ್ತಿ, "ಕೇಳಿಸ್ತು ಕಣೋ, ರೈಲು ಹೋದ ಹಾಗೆ!" ಎಂದು ನಕ್ಕರು.

ಅಷ್ಟರಲ್ಲೇ ಮುಗಿದಿದ್ದರೆ ಗೂಡು ಉಳಿಯುತ್ತಿತ್ತು. ಸಂಜೆಗೆ ಗಂಡು ಮತ್ತೆ ಹಣ್ಣು ತಂದಿತ್ತು. ಆದರೆ ಹಗ್ಗದಾಚೆ ದೊಡ್ಡ ಕ್ಯಾಮೆರಾ ಹೊತ್ತ ಮೂವರು ನಿಂತು ಎಲ್ಲವನ್ನೂ ನೋಡಿದ್ದರು. "ಅವರಿಗೆ ಬಿಡ್ತೀರಿ, ನಮಗ್ಯಾಕಿಲ್ಲ?" ಎಂದು ಒಬ್ಬ ಕೇಳಿದ. ಕೈತಾನ್ ತಲೆ ತಗ್ಗಿಸಿ ಮುಂದೆ ನಡೆದ.

ಟೀಚರ್‌ಗೆ ಒಬ್ಬರೇ ಪ್ರಯಾಣ ಮಾಡುವುದು ಆಗುತ್ತಿರಲಿಲ್ಲ. ಮರುದಿನ ಕೈತಾನ್ ಅವರನ್ನು ಮೈಸೂರಿಗೆ ಮುಟ್ಟಿಸಲು ಹೊರಟ. ನಾನೂ ಅವನ ಕೊರಳಲ್ಲಿದ್ದೆ. ನಾಲ್ಕನೇ ದಿನ ಮರಳಿದಾಗ ಹಗ್ಗದ ಬಳಿ ಕಾವಲುಗಾರ ಧೋಂಡು ಗೌಳಿ ಕೂತಿದ್ದ.

"ಆ ಕ್ಯಾಮೆರಾದವ್ರು ಮೂರು ದಿನ ಮುಂಜಾನಿಂದ ಸಂಜೀತನಕ ಮರದ ಬುಡಕ್ಕ ಕುಂತಿದ್ರು. ನಾ ಬೈದೆ. ನಿಮ್ಮ ಕೈತಾನೇ ಹೋಗಿದ್ನಲ್ಲ ಅಂದ್ರು. ನಾ ಏನ್ ಹೇಳ್ಲಿ?"

ಕೈತಾನ್ ನನ್ನನ್ನು ಕಣ್ಣಿಗೆ ಹಿಡಿದ. ಪೊಟರೆಯ ಬಾಯಿ ಒಡೆದಿತ್ತು. ಹಸಿವು ತಾಳಲಾರದೆ ತಾಯಿ ಮಣ್ಣು ಒಡೆದು ಹೊರಬಿದ್ದಿತ್ತು. ಗಂಡಿನ ಸುಳಿವಿಲ್ಲ. ಬಳ್ಳಿ ಹಿಡಿದು ಅವನು ಮರ ಹತ್ತಿದ. ನಾನು ಎದೆಯ ಮೇಲೆ ತೂಗುತ್ತಿದ್ದೆ. ಒಳಗೆ ಇನ್ನೂ ಪುಕ್ಕ ಮೂಡದ ಮರಿ ಸತ್ತು ಬಿದ್ದಿತ್ತು. ಇರುವೆ ಮುತ್ತಿದ್ದವು. ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಇಳಿದು ಬಂದ.

"ನಾಲ್ಕನೇದು," ಎಂದ. ಧೋಂಡುವಿಗೆ ಅರ್ಥವಾಗಲಿಲ್ಲ. ಅವನು ಹಿಂದೆ ತೆಗೆದ ಮೂರು ಮರಿಗಳ ಲೆಕ್ಕ ನನಗೆ ಗೊತ್ತಿತ್ತು.

ಆ ವಾರವೇ ಶಾಲೆಯ ಕೋಣೆಯಲ್ಲಿ ಗೂಡು ಕಾಯುವವರೆಲ್ಲ ಸೇರಿದರು. ಕೈತಾನ್ ಮಾರ್ಗದರ್ಶಕನ ಕಾರ್ಡನ್ನು ಮೇಜಿನ ಮೇಲಿಟ್ಟ.

"ಯಾರ್ನ ಕರ್ಕೊಂಡ್ ಹೋಗಿದ್ದಿ?" ಧೋಂಡು ಕೇಳಿದ.

"ಹಗ್ಗ ಎತ್ತಿದ್ದು ನಾ. ನನ್ನ ಹೆಸ್ರ ಬರ್ಕೋರಿ."

ಎಷ್ಟು ಕೇಳಿದರೂ ಮತ್ತೊಂದು ಹೆಸರು ಅವನ ಬಾಯಿಂದ ಬರಲಿಲ್ಲ.

ಈಗ ಅವನು ಕಟ್ಟಿಗೆ ಡಿಪೋದಲ್ಲಿ ಹಮಾಲಿ. ಮರುವರ್ಷ ಆ ತಾರೆ ಮರಕ್ಕೆ ಯಾವ ಮಂಗಟ್ಟೆಯೂ ಬರಲಿಲ್ಲವಂತೆ. ನಾನು ಅವನ ಅಡಿಗೆಮನೆಯ ಗೋಡೆಯ ಮೊಳೆಯಲ್ಲಿದ್ದೇನೆ. ನನ್ನ ಎಡಗಣ್ಣಿನೊಳಗೆ ಬೂಸ್ಟು ಬೆಳೆದಿದೆ. ಅವನದು ಕೆಟ್ಟ ಮನಸ್ಸಲ್ಲ. ಪ್ರೀತಿಯಿಂದ ಮಾಡಿದ್ದಾದರೂ ಆ ಮರಿ ಸತ್ತೇ ಸತ್ತಿತು. ಇಲ್ಲಿ ತೂಗುತ್ತ ಇದನ್ನೇ ಯೋಚಿಸುತ್ತೇನೆ.

ಮೊನ್ನೆ ಅವನು ಊಟಕ್ಕೆ ಕೂರುವಾಗ ಫೋನ್ ಬಂತು. ಟೀಚರ್ ಧ್ವನಿ ನನಗೂ ಕೇಳುವಷ್ಟು ದೊಡ್ಡದಿತ್ತು. ಅವರಿಗೆ ಈಗ ಏನೂ ಕಾಣುವುದಿಲ್ಲವಂತೆ.

"ಅವತ್ತಿನ ಮರಿ ಏನಾಯ್ತೋ ಕೈತಾನ್? ಕೇಳೋಕೇ ಮರೆತಿದ್ದೆ."

"ಹಾರಿ ಹೋತ್ರಿ ಅಕ್ಕೋರೆ."

"ಒಳ್ಳೇದಾಯ್ತು. ಬೇಸಿಗೆಗೆ ನನ್ನ ತಂಗಿ ಮೊಮ್ಮಗಳನ್ನ ಕಳಿಸ್ತೀನಿ. ಅದೇ ಮರ ತೋರಿಸಪ್ಪ."

"ಆತ್ರಿ. ಕಳಸ್ರಿ."

ಫೋನ್ ಇಟ್ಟ ಮೇಲೂ ಅವನು ಗೋಡೆಯ ಹತ್ತಿರವೇ ನಿಂತಿದ್ದ. ನಾನು ಅವನ ಮುಖದ ಎದುರಿಗೇ ಇದ್ದೆ. ಅವನು ನನ್ನತ್ತ ನೋಡಲಿಲ್ಲ.