ಅಕ್ಕನ ಸೊಪ್ಪು, ನನ್ನ ನಕ್ಷತ್ರ

ನನ್ನ ಕೋಣೆಗೂ ಅಕ್ಕನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಜಾಗ ಹಂಚುವಾಗ ದೊಡ್ಡ ಮೇಷ್ಟ್ರು, "ಅಕ್ಕ ತಂಗಿ ತಾನೇ, ಹೊಂದಿಕೊಂಡು ಹೋಗ್ತಾರೆ" ಅಂದರಂತೆ. ಅವರಿಗೆ ಅಕ್ಕ ತಂಗಿಯರಿಲ್ಲ, ಪಾಪ. ಅಕ್ಕ ಗಿಡಮೂಲಿಕೆಗಳಲ್ಲಿ ಔಷಧ ಹುಡುಕುವವಳು. ಇಡೀ ದಿನ ಅವಳ ಕಡೆಯಿಂದ ಕಷಾಯದ ವಾಸನೆ. ನಾನು ಆಕಾಶದಿಂದ ಬೀಳುವ ಕಣಗಳನ್ನು ಎಣಿಸುವವಳು. ಬಂದ ಕಣ ಯಾವುದೆಂದು ನನ್ನ ಯಂತ್ರ ಹೇಳುವುದಿಲ್ಲ, ಬಂದರೆ ಟಿಕ್ ಎನ್ನುತ್ತದೆ, ಅಷ್ಟೇ. ಬೇಡದ ಕಣಗಳು ನುಗ್ಗದಿರಲೆಂದು ಸುತ್ತಲೂ ಸೀಸದ ಇಟ್ಟಿಗೆ ಪೇರಿಸಿದ್ದೆ. ಅಕ್ಕನ ಗೋಡೆಯ ಹತ್ತಿರ ಬರುವಷ್ಟರಲ್ಲಿ ಇಟ್ಟಿಗೆ ಮುಗಿಯಿತು. ಆ ಕಡೆ ಇರುವುದು ಒಣಸೊಪ್ಪು ತಾನೇ ಎಂದು ಬಿಟ್ಟುಬಿಟ್ಟೆ.

ಈ ವರ್ಷ ನನ್ನ ಅದೃಷ್ಟ ಖುಲಾಯಿಸಿತು. ದೂರದ ನಕ್ಷತ್ರವೊಂದು ಸಿಡಿದದ್ದನ್ನು ದೂರದರ್ಶಕದವರು ಕಂಡ ವಾರವೇ ನನ್ನ ಎಣಿಕೆ ಏರಿತು. ನಕ್ಷತ್ರ ಮಂಕಾಗುತ್ತ ಬಂದಂತೆ ಇದೂ ಇಳಿಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಜೀವಮಾನವೆಲ್ಲ ಕಾದದ್ದು ಇಂಥದ್ದೊಂದಕ್ಕೇ. ಅದನ್ನು ಸಂಶೋಧನಾಲಯದ ಸಭೆಯ ಮುಂದೆ ಹೇಳಲು ಒಂದೇ ದಿನ ಬಾಕಿ ಇತ್ತು.

ಅಂದು ಚಹಾದ ಹೊತ್ತಿಗೆ ಅಕ್ಕ ಮುಖ ಸಣ್ಣ ಮಾಡಿಕೊಂಡು ಬಂದಳು.

"ತಲೆ ಕೆಟ್ಟುಹೋಗಿದೆ ಕಣೇ. ಮೊದಲ್ನೇ ಸಲ ಬಂದ ಸೊಪ್ಪಿನ ರಸ ಹಾಕಿದ್ರೆ ತಟ್ಟೇಲಿದ್ದ ರೋಗಾಣು ಎಲ್ಲಾ ಸತ್ತವು. ಈಗ ಬಂದಿರೋ ಮೂಟೆ ಅದೇ ಮರದ್ದು, ಅದೇ ಎಲೆ. ಒಂದೂ ಸಾಯ್ತಿಲ್ಲ! ನಾಳೆ ಸಭೇಲಿ ಕಾರಣ ಹೇಳದಿದ್ರೆ ನನ್ನ ಕೆಲಸ ನಿಲ್ಲಿಸ್ತಾರಂತೆ."

"ಮೊದಲ್ನೇದು ಯಾವಾಗ ಬಂತು?" ಸುಮ್ಮನೆ ಮಾತಿಗೆ ಕೇಳಿದೆ.

"ಅದೇ, ನಕ್ಷತ್ರ ಸಿಡೀತು ಅಂತ ನೀನು ಕುಣಿದಾಡಿದ್ಯಲ್ಲ, ಆ ವಾರ. ಮೂಟೆಗಳನ್ನ ಈ ಗೋಡೆಗೇ ಒರಗಿಸಿದ್ದೆ. ದಿನಾ ಒಂದಿಷ್ಟು ಕುದಿಸಿ ಕುದಿಸಿ ಖಾಲಿಯಾಯ್ತು."

ನಾನು ಇಟ್ಟಿಗೆ ಪೇರಿಸದೆ ಬಿಟ್ಟದ್ದು ಆ ಗೋಡೆಗೇ! "ಒಂಚೂರಾದ್ರೂ ಉಳಿದಿದ್ಯಾ?"

"ಒಂದು ಡಬ್ಬ ಇದೆ. ಯಾಕೆ?"

ಡಬ್ಬವನ್ನು ಯಂತ್ರಕ್ಕೆ ತಾಗಿಸಿಟ್ಟೆವು. ಟಿಕ್‌ಟಿಕ್ ಜೋರಾಯಿತು. ತೆಗೆದರೆ ಇಳಿಯಿತು. ಅದೇ ಡಬ್ಬಕ್ಕೆ ಹೊಸ ಸೊಪ್ಪು ತುಂಬಿ ಇಟ್ಟರೆ ಜಪ್ಪಯ್ಯ ಎಂದರೂ ಏರಲಿಲ್ಲ. ನನ್ನ ನಕ್ಷತ್ರಕ್ಕೆ ಎಳ್ಳುನೀರು ಬಿಟ್ಟಂತಾಯಿತು.

"ಅಯ್ಯೋ, ನನ್ನ ಸೊಪ್ಪಿಗೇನಾಗಿದೆಯೇ?"

"ಗಿಡದಲ್ಲೆಲ್ಲಾ ಪೊಟ್ಯಾಸಿಯಂ ಅನ್ನೋ ಲವಣ ಇರುತ್ತೆ. ಅದರಲ್ಲಿ ಎಲ್ಲೋ ಒಂಚೂರು ತಾನೇ ಒಡೆದು ಕಣ ಉಗುಳುತ್ತೆ. ನಿನ್ನ ಮೈಯಲ್ಲೂ ಇದೆ, ನನ್ನ ಮೈಯಲ್ಲೂ ಇದೆ, ಹೆದರ್ಬೇಡ. ಆದ್ರೆ ಹೊಸ ಸೊಪ್ಪಲ್ಲಿ ಯಾಕಿಲ್ಲ? ಅದು ನೀರಲ್ಲಿ ಕರಗೋ ಲವಣ..."

ಅಕ್ಕ ಕಣ್ಣರಳಿಸಿದಳು. ಸೊಪ್ಪು ತಂದುಕೊಡುವವನಿಗೆ ಅಲ್ಲೇ ಫೋನ್ ಮಾಡಿದಳು.

"ಹೌದಮ್ಮಾ, ಹೋದ ಸಲ ಬರೀ ಧೂಳು ಅಂತ ಬೈದಿದ್ರಲ್ಲ? ಈ ಸಲ ಚೆನ್ನಾಗಿ ನೆನೆಹಾಕಿ, ತೊಳೆದು, ಒಣಗಿಸಿ ಕಳಿಸಿದೀನಿ. ಹೇಗಿದೆ?" ಎಂದ ಅವನು ಹೆಮ್ಮೆಯಿಂದ.

ಲವಣದ ಜೊತೆ ಔಷಧವೂ ತೊಳೆದುಹೋಗಿತ್ತು. ಅಕ್ಕ ನನ್ನನ್ನು ತಬ್ಬಿಕೊಂಡು ಕುಣಿದಳು. ಆಮೇಲೆ ತಟ್ಟನೆ ನಿಂತಳು.

"ಹಾಗಾದ್ರೆ, ನಿನ್ನ ನಕ್ಷತ್ರ?"

ನಾನು ಯಂತ್ರದ ಸ್ವಿಚ್ ಆರಿಸಿದೆ.

"ನಾನು ಬಾಯಿ ಬಿಡಲ್ಲ ಕಣೇ. ಸೊಪ್ಪು ತೊಳೆದಿದ್ರು ಅಂತಷ್ಟೇ ಹೇಳ್ತೀನಿ. ನಿನ್ನ ಮಿಷಿನ್ ಮಾತೇ ಎತ್ತಲ್ಲ."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಡಬ್ಬ ತೆಗೆದಾಗ ಆ ಸದ್ದು ಇಳಿದದ್ದನ್ನು ಕಿವಿಯಾರೆ ಕೇಳಿದ್ದೆನಲ್ಲ, ಹಾಳಾದ್ದು!

ಮರುದಿನ ಸಭೆಯಲ್ಲಿ ನನ್ನ ಎಣಿಕೆಯ ಏರಿಳಿತ ತೋರಿಸಿ, "ಇದು ನಕ್ಷತ್ರ ಅಲ್ಲ, ನಮ್ಮಕ್ಕನ ಸೊಪ್ಪು" ಎಂದೆ. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ದೊಡ್ಡ ಮೇಷ್ಟ್ರೂ ನಕ್ಕರು. ಅಕ್ಕನ ಕೆಲಸ ಉಳಿಯಿತು. ನಾನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ.

ಮುಂದಿನ ವಾರ ಹೋಗಿ ನೋಡಿದರೆ, ಅಕ್ಕ ಅಂಗಿಯ ತೋಳು ಮಡಚಿಕೊಂಡು ಸೀಸದ ಇಟ್ಟಿಗೆ ಹೊತ್ತು ತರುತ್ತಿದ್ದಳು. ಯಾರನ್ನು ಕಾಡಿ ಗಿಟ್ಟಿಸಿದಳೋ!

"ಹಿಡ್ಕೊಳ್ಳೇ, ಭಾರ! ನನ್ನ ಕಡೆ ಗೋಡೆಗೆ ಇದು. ಅಂದ ಹಾಗೆ, ಆ ಲವಣ ಭೂಮಿಗೆ ಎಲ್ಲಿಂದ ಬಂತು?"

"ಭೂಮಿ ಹುಟ್ಟೋಕೂ ಮುಂಚೆ ಸಿಡಿದ ನಕ್ಷತ್ರಗಳಿಂದ."

ಅಕ್ಕ ಇಟ್ಟಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಮತ್ತೆ? ನಿನ್ನ ಮಿಷಿನ್ ಹಿಡಿದದ್ದು ನಕ್ಷತ್ರಾನೇ ಕಣೇ. ಒಂಚೂರು ಹಳೇದು, ಅಷ್ಟೇ."